ಚಂದ್ರಕಾಳಿ ಪರದೆ

ಅಂಜುಬುರುಕರಲ್ಲಿ ಎರಡು ಜಾತಿ. ಹಾವು, ಗುಡುಗು, ಹೆಂಡತಿಯ ತವರಿನವರು, ಹೀಗೆ ಹೊರಗಿನಿಂದ ಬರುವುದಕ್ಕೆ ಅಂಜುವವರು ಮೊದಲನೆಯ ಜಾತಿ. ಅವರಿಗೆ ಸಮಾಜದಲ್ಲಿ ಒಂದಿಷ್ಟು ಮರ್ಯಾದೆ ಇದೆ. ಹಾವೆಂದರೆ ಹೆದರಿಕೆ ಎಂದು ಹೇಳಿಕೊಂಡರೆ ಯಾರೂ ನಗುವುದಿಲ್ಲ. ತಾವೇ ಕೈಯಾರೆ ಮಾಡಿಟ್ಟದ್ದಕ್ಕೆ ಅಂಜುವವರು ಎರಡನೆಯ ಜಾತಿ. ನಾನು ಆ ಜಾತಿಯವನು. ಜಮಖಂಡಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸಿಕೊಂಡಿರುವ ನಾನು, ಮೀಸೆ ಕಪ್ಪಗಿದ್ದ ಕಾಲದಲ್ಲಿ ಯಾರೋ ಹೊಗಳಿದರೆಂದು ಉಬ್ಬಿ ಒಂದು ಸಾಫ್ಟ್‌ವೇರ್ ಬರೆದೆ. ಸೀರೆಯ ಅಂಚಿಗೆ ನಮ್ಮ ಕಡೆ ದಡಿ ಎನ್ನುತ್ತಾರೆ. ದಡಿಯ ಚಿತ್ತಾರ ಬರೆಯುವ ಸಾಫ್ಟ್‌ವೇರ್ ಆದ್ದರಿಂದ ಅದಕ್ಕೆ ‘ದಡಿ’ ಎಂದೇ ಹೆಸರಿಟ್ಟೆ. ಬಿಳಿ ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು. ಬೇಕಾದ ಚೌಕ ಒತ್ತಿದರೆ ಅದು ಕಪ್ಪಾಗುತ್ತದೆ. ಕಪ್ಪಾದಲ್ಲೆಲ್ಲ ಯಂತ್ರ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತದೆ. ಆ ಕಾರ್ಡನ್ನು ಮಗ್ಗಕ್ಕೆ ಏರಿಸಿದರೆ ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಸೀರೆಯಲ್ಲಿ ನವಿಲು ಮೂಡುತ್ತದೆ. ಇಷ್ಟೇ. ಬನಹಟ್ಟಿಯ ಕೆಲವು ಅಂಗಡಿಗಳಲ್ಲಿ ಅದು ಇವತ್ತಿಗೂ ಓಡುತ್ತಿದೆ. ಅದು ಓಡುತ್ತಿದೆಯಲ್ಲ ಎಂಬುದೇ ನನ್ನ ಭಯ.

ಓಡುವುದು ಎಂದಾದರೂ ನಿಲ್ಲಬೇಕಷ್ಟೆ. ನಿಂತ ದಿನ ಅವರು ನನಗೆ ಫೋನ್ ಮಾಡುತ್ತಾರೆ. ನಾನು ಅದರ ಹೊಟ್ಟೆ ಬಗೆದು ನೋಡಬೇಕಾಗುತ್ತದೆ. ಅಲ್ಲಿ ಏನಿದೆಯೆಂಬುದು ನನಗೇ ಗೊತ್ತಿಲ್ಲ. ಒಂದು ಮಾತ್ರ ನೆನಪಿದೆ: ನಟ್ಟನಡುವೆ ಎಲ್ಲೋ ಒಂದು ಕಡೆ ನಾನೇ ನನಗಾಗಿ “ಇಲ್ಲಿ ಕೈ ಹಚ್ಚಬೇಡ” ಎಂದು ಬರೆದಿಟ್ಟಿದ್ದೇನೆ. ಯಾಕೆ ಹಚ್ಚಬಾರದು ಎಂದು ಬರೆದಿಲ್ಲ. ಬೇರೆಯವರು ಬರೆದಿದ್ದರೆ ಉಡಾಫೆ ಮಾಡಬಹುದಿತ್ತು. ಬರೆದವನು ನಾನು, ಅದೂ ಈಗಿನ ನನಗಿಂತ ಬುದ್ಧಿ ಚುರುಕಿದ್ದ ನಾನು. ನನ್ನ ಹೆಂಡತಿ ಗಿರಿಜಾ ಇದನ್ನು ಕೇಳಿ ಹಣೆ ಬಡಿದುಕೊಂಡಿದ್ದಳು. “ಮಂದಿ ದೆವ್ವಕ್ಕ ಅಂಜತಾರ. ನಿಮ್ದೇನ್ರಿ, ನೀವ ಬರದದ್ದಕ್ಕ ನೀವ ಅಂಜತೀರಿ!” ದೆವ್ವ ಮಂತ್ರಕ್ಕಾದರೂ ಓಡುತ್ತದೆ, ಇದು ಯಾವುದಕ್ಕೂ ಜಗ್ಗುವುದಿಲ್ಲ ಎಂದು ನಾನು ಹೇಳಲಿಲ್ಲ. ಹೇಳಲು ಅಂಜಿಕೆ.

ಈ ಕಸುಬಿನಲ್ಲಿ ನಾನು ಅತಿ ಹೆಚ್ಚು ಹೆದರುವ ಮಾತು ಒಂದೇ: “ಸ್ಕ್ರೀನ್ ಕರೀದಾಗೇತ್ರಿ.” ಪರದೆ ಕಪ್ಪಾಯಿತೆಂದರೆ ಒಳಗೆ ಜೀವ ಹೋಗಿದೆ ಎಂದೇ ಅರ್ಥ. ಹೀಗಿರುವಾಗ ಒಂದು ದಿನ ಬನಹಟ್ಟಿಯ ಶಾಂತಕ್ಕ ಫೋನ್ ಮಾಡಿದಳು. ಶಾಂತಕ್ಕ ಈರಪ್ಪಣ್ಣನ ಅಂಗಡಿಯಲ್ಲಿ ದಡಿ ಬರೆಯುವಾಕೆ. ಚೌಕದ ಕಾಗದದ ಮೇಲೆ ಪೆನ್ಸಿಲಿನಿಂದ ಬರೆಯುತ್ತಿದ್ದವಳು ನನ್ನ ಮಾತು ನಂಬಿ ಕಂಪ್ಯೂಟರಿಗೆ ಬಂದಳು. ಅಂಗಡಿಯ ಹಿಂದೆಯೇ ಈರಪ್ಪಣ್ಣನ ಮಗ್ಗಗಳಿವೆ. ಅವು ನಡೆಯುತ್ತಿರುವಾಗ ಅಲ್ಲಿಂದ ಬರುವ ಫೋನಿನಲ್ಲಿ ಖಟಖಟದ ನಡುವೆ ಅಷ್ಟೋ ಇಷ್ಟೋ ಕೇಳುತ್ತದೆ. ಆ ದಿನ ನನಗೆ ಕೇಳಿದ್ದು “ಸರ… ಸ್ಕ್ರೀನ್… ಕರಿ…” ಎಂದಷ್ಟೇ.

ಎದೆ ಧಸಕ್ಕೆಂದಿತು. “ಏನೂ ಮುಟ್ಟಬ್ಯಾಡ ಶಾಂತಕ್ಕ, ಬಂದೆ!” ಎಂದು ಕೂಗಿ, ಕ್ಲಾಸಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ನಮ್ಮ ಬಸ್ಸು ನಿಧಾನವಾಗಿ ಹೋಗುತ್ತಿದ್ದರೆ ಎಲ್ಲರೂ ಬೈಯುತ್ತಿದ್ದರು. ನಾನೊಬ್ಬ ಒಳಗೊಳಗೇ ಟ್ರ್ಯಾಕ್ಟರಿನವನಿಗೆ ಕೈಮುಗಿಯುತ್ತಿದ್ದೆ. ಇನ್ನಷ್ಟು ನಿಧಾನವಾಗಿ ಹೋಗಪ್ಪಾ, ಬನಹಟ್ಟಿ ಬರದಿದ್ದರೂ ನಡೆದೀತು.

ಹೋಗಿ ನೋಡಿದರೆ ಪರದೆ ಹಾಲಿನಂತೆ ಬೆಳ್ಳಗಿತ್ತು. ಶಾಂತಕ್ಕ ಅದರ ಮುಂದೆ ತಂಪು ಕನ್ನಡಕ ಹಾಕಿಕೊಂಡು ಕುಳಿತಿದ್ದಳು, ಸಿನಿಮಾ ಖಳನಾಯಕನ ಹಾಗೆ.

“ಕರೀದಾಗೇತಿ ಅಂದ್ಯಲ್ಲವಾ?”

“ಆಗೇತಿ ಅನ್ಲಿಲ್ರಿ ಸರ. ಕರೀದ ಮಾಡಿಕೊಡ್ರಿ ಅಂದೆ.”

ನಾನು ಕುರ್ಚಿಯಲ್ಲಿ ಕುಸಿದೆ. ಆಯುಷ್ಯವೆಲ್ಲ ಯಾವ ಕಪ್ಪು ಪರದೆಗೆ ಅಂಜಿ ನಡುಗಿದೆನೋ ಅದನ್ನೇ ಮಾಡಿಕೊಡು ಎಂದು ಈಕೆ ಕೇಳುತ್ತಿದ್ದಾಳೆ! ಆಮೇಲೆ ಅವಳು ಬಿಡಿಸಿ ಹೇಳಿದಳು. ಬಿಳಿ ಬೆಳಕು ನೋಡಿ ನೋಡಿ ಕಣ್ಣು ಉರಿಯುತ್ತವೆ, ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತದೆ. ಬೆಳಕು ಕಡಿಮೆ ಮಾಡಿದರೆ ಚೌಕಗಳೇ ಕಾಣಿಸುವುದಿಲ್ಲ. ಕಣ್ಣಿನ ಡಾಕ್ಟರು ಒಂದೋ ಈ ಬೆಳಕು ಬಿಡಿ, ಇಲ್ಲ ಈ ಕೆಲಸ ಬಿಡಿ ಎಂದಿದ್ದಾರೆ. “ನನ್ನ ಮಗಳ ಮೊಬೈಲನ್ಯಾಗ ಡಾರ್ಕ್ ಮೋಡ್ ಅಂತ ಐತ್ರಿ. ಸ್ಕ್ರೀನ್ ಕರೀದು, ಅಕ್ಷರ ಬೆಳ್ಳಗ. ಕಣ್ಣಿಗೆ ಎಷ್ಟ ತಂಪ ಅನಸತೈತಿ! ನಮ್ಮ ‘ದಡಿ’ಗೂ ಹಂಗ ಮಾಡ್ರಿ. ಈ ಕೆಲಸ ಬಿಡಾಕ ನನಗ ಮನಸಿಲ್ರಿ ಸರ. ಸಂತ್ಯಾಗ ಹೊಂಟ್ರ ಹತ್ತ ಮಂದಿ ಹೆಣ್ಮಕ್ಕಳ ಮೈಮ್ಯಾಲ ನಾ ಬರದ ದಡಿ ಕಾಣತಾವು. ಮನ್ಯಾಗ ಕುಂತ್ರ ಏನ ಕಂಡೀತು?”

ಅಂಜುಬುರುಕರಿಗೆಂದೇ ದೇವರು ಕನ್ನಡದಲ್ಲಿ ಒಂದು ಮಾತು ಇಟ್ಟಿದ್ದಾನೆ: ‘ನೋಡೋಣ.’ ಒಲ್ಲೆ ಎನ್ನುವ ಧೈರ್ಯವಿಲ್ಲ, ಹೂಂ ಎನ್ನುವ ಶಕ್ತಿಯಿಲ್ಲ, ಆಗ ನೋಡೋಣ. ಸಾಲ ಕೇಳಿದವರಿಗೆ, ಕನ್ಯೆ ತೋರಿಸಿದವರಿಗೆ, ಊಟಕ್ಕೆ ಕರೆದವರಿಗೆ ನಾವು ಇದನ್ನೇ ಹೇಳುತ್ತ ಬಂದಿದ್ದೇವೆ, ಮತ್ತು ಇಂದಿನವರೆಗೆ ಏನನ್ನೂ ನೋಡಿಲ್ಲ. ನಾನೂ “ನೋಡೋಣು ಶಾಂತಕ್ಕ” ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಈರಪ್ಪಣ್ಣ ಒಳಗೆ ಬಂದ. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ತನ್ನ ಮಗ್ಗದ ಪ್ರತಿ ಸೀರೆಯ ದಡಿಯ ತುದಿಗೆ ಸಣ್ಣದಾಗಿ ‘ಈರಪ್ಪ’ ಎಂದು ನೇಯಿಸುವವನು. ಎಲ್ಲರ ಹೆಸರು ಬೋರ್ಡಿನ ಮೇಲಿದ್ದರೆ ತನ್ನದು ಬಟ್ಟೆಯಲ್ಲಿದೆ ಎಂಬುದು ಅವನ ಹೆಮ್ಮೆ.

“ಏನಂದಿ, ಕರಿ ಸ್ಕ್ರೀನಾ?” ಎಂದು ಗುಡುಗಿದ. “ಮುಂಜಾನೆದ್ದು ಅಂಗಡಿ ತಗದು, ಊದಿನಕಡ್ಡಿ ಬೆಳಗಿ, ಕರೀದರ ಮಾರಿ ನೋಡಬೇಕೇನ? ಮದವಿ ಸೀರಿ ನೇಯೂ ಜಾಗಾ ಇದು! ಕಣ್ಣ ನೋಯತಾವಂದ್ರ ಹೊಸಾ ಸಾಫ್ಟ್‌ವೇರ್ ತರಸೂಣು, ಅದನ್ನ ಕಲತವರನ್ನ ಇಟ್ಟಕೊಳ್ಳೂಣು. ನೀ ಮನ್ಯಾಗ ಆರಾಮ ಇರು.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಶಾಂತಕ್ಕನ ಮುಖ ಸಣ್ಣದಾಯಿತು. ಈರಪ್ಪಣ್ಣನ ಅಂಜಿಕೆ ಹೊಸದೇನಲ್ಲ. ಕಪ್ಪೆಂದರೆ ನಮ್ಮ ಜನಕ್ಕೆ ಆಗದು. ಅರಿಷಿಣದ ದಿನ ಕಪ್ಪು ಉಟ್ಟು ಬಂದವರನ್ನು ಅಜ್ಜಿಯಂದಿರು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅದೇ ಅಜ್ಜಿಯಂದಿರು ದೃಷ್ಟಿಯಾಗದಿರಲಿ ಎಂದು ಕೂಸಿನ ಕೆನ್ನೆಗೆ ಇಡುವುದು ಕಪ್ಪು ಬೊಟ್ಟನ್ನೇ! ಶಾಂತಕ್ಕ ತಂಪು ಕನ್ನಡಕ ತೆಗೆದಳು. ಕಣ್ಣು ಕೆಂಪಗಿದ್ದವು.

“ಅಣ್ಣಾರ, ಸಂಕ್ರಮಣಕ್ಕ ನಿಮ್ಮವ್ವಾರು ಯಾವ ಸೀರಿ ಉಡತಿದ್ರು?”

“ಚಂದ್ರಕಾಳಿ,” ಎಂದ ಈರಪ್ಪಣ್ಣ. ದನಿ ಆಗಲೇ ಇಳಿದಿತ್ತು. ಸಂಕ್ರಮಣಕ್ಕೆ ನಮ್ಮ ಕಡೆ ಹೆಂಗಸರು ಉಡುವ ಅಚ್ಚ ಕಪ್ಪು ಸೀರೆ ಅದು.

“ಅದರ ಬಣ್ಣ ಯಾವದ್ರಿ?”

“ಅದು ಕರೀದಲ್ಲಬೇ. ಅದು ಚಂದ್ರಕಾಳಿ.”

“ಹಂಗಂದ್ರ ನನಗೂ ಕರಿ ಸ್ಕ್ರೀನ್ ಬ್ಯಾಡ್ರಿ. ಚಂದ್ರಕಾಳಿ ಸ್ಕ್ರೀನ್ ಮಾಡಿಸಿಕೊಡ್ರಿ.”

ಈರಪ್ಪಣ್ಣ ಮೀಸೆ ತಿರುವಿದ. ಆಮೇಲೆ ನನ್ನತ್ತ ತಿರುಗಿ, “ಸರ, ಚಂದ್ರಕಾಳಿ ಆದ್ರ ಮಾಡ್ರಿ. ಆದ್ರ ನೆಟ್ಟಗ ಬರಬೇಕ. ಒಂದ ಎಳಿ ಹೆಚ್ಚುಕಡಿಮಿ ಆತಂದ್ರ ಹೊಸಾದ ತರಸತೇನಿ, ಆಮ್ಯಾಲ ಈಕಿನೂ ನನಗೇನೂ ಹೇಳಬಾರದು,” ಎಂದ. ಶಾಂತಕ್ಕನ ಕೆಲಸ ಉಳಿಯುವುದು ಬಿಡುವುದು ನನ್ನ ಕೈಗೆ ಬಂದು ಬಿತ್ತು. ಹೆದರುವವನ ಮೇಲೆ ಹಾವು ಹಾಕಿದರು ಅನ್ನುತ್ತಾರಲ್ಲ, ಹಾಗಾಯಿತು.

ಗಲಗಲಿಯಲ್ಲಿ ನನ್ನ ಅಜ್ಜನ ಮನೆಯಂಗಳದಲ್ಲಿ ಒಂದು ಹಗೇವಿತ್ತು. ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಹಳ ದಿನ ಮುಚ್ಚಿದ್ದ ಹಗೇವನ್ನು ತೆರೆದ ಕೂಡಲೇ ಅಜ್ಜ ಒಳಗೆ ಇಳಿಯುತ್ತಿರಲಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿ ಮೊದಲು ಅದನ್ನು ಇಳಿಬಿಡುತ್ತಿದ್ದ. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಇಳಿದವನ ಗತಿಯೂ ಅಷ್ಟೇ. ‘ದಡಿ’ಯನ್ನು ಮನೆಯಲ್ಲಿ ತೆರೆದು ಕುಳಿತಾಗ ನನಗೆ ಆ ಕಂದೀಲೇ ನೆನಪಾಯಿತು. ಇಳಿಬಿಡಲು ನನ್ನ ಬಳಿ ನನ್ನ ಹೊರತು ಏನೂ ಇರಲಿಲ್ಲ. ಗಿರಿಜಾ ಚಹಾ ತಂದಿಟ್ಟು, “ಉಸಿರರೆ ಆಡ್ರಿ,” ಎಂದು ಹೋದಳು.

ಕಪ್ಪಿದ್ದಲ್ಲಿ ಬಿಳಿ, ಬಿಳಿ ಇದ್ದಲ್ಲಿ ಕಪ್ಪು. ಹೇಳುವುದಕ್ಕೆ ಇಷ್ಟೇ ಕೆಲಸ. ಒಂದೊಂದೇ ಸಾಲು ಬದಲಿಸುತ್ತ, ಒಂದೊಂದು ಸಾಲಿಗೂ ಮನೆದೇವರನ್ನು ನೆನೆಯುತ್ತ ಹೋದೆ. ನಟ್ಟನಡುವೆ ಅದು ಸಿಕ್ಕಿತು: “ಇಲ್ಲಿ ಕೈ ಹಚ್ಚಬೇಡ.” ನಾನು ಆಜ್ಞಾಧಾರಕ, ಕೈ ಹಚ್ಚಲಿಲ್ಲ. ಹುತ್ತದ ಸುತ್ತ ಸುತ್ತಿ ಹೋಗುವವರ ಹಾಗೆ ಅದರ ಅತ್ತ ಇತ್ತ ಎಲ್ಲ ಬದಲಿಸಿ, ಅದನ್ನು ಮಾತ್ರ ಹಾಗೇ ಬಿಟ್ಟೆ. ಮೇಲೆ ಒಂದು ಬಟನ್ ಇಟ್ಟು ‘ಚಂದ್ರಕಾಳಿ’ ಎಂದು ಬರೆದೆ. ಒತ್ತಿದರೆ ಪರದೆ ಕಪ್ಪಾಯಿತು, ಅದರ ಮೇಲೆ ಬಿಳಿ ನವಿಲು ನಿಂತಿತು. ನಿಜ ಹೇಳುತ್ತೇನೆ, ಚೆಂದ ಕಾಣಿಸಿತು. ಭಯದ ನಡುವೆಯೂ ನನಗೆ ಒಂದು ಕ್ಷಣ ಹೆಮ್ಮೆಯಾಯಿತು. ಹೆಮ್ಮೆಯಾದದ್ದಕ್ಕೆ ಇನ್ನಷ್ಟು ಭಯವಾಯಿತು.

ಬನಹಟ್ಟಿಯಲ್ಲಿ ಅದನ್ನು ಹಾಕಿಕೊಟ್ಟಾಗ ಶಾಂತಕ್ಕ ಕನ್ನಡಕ ತೆಗೆದು, ಪರದೆಯ ಹತ್ತಿರಕ್ಕೆ ಮುಖ ಒಯ್ದು ನೋಡಿದಳು. ಆಮೇಲೆ ಒಂದು ನವಿಲು ಬರೆದಳು, ಅದರ ಪಕ್ಕ ‘ಈರಪ್ಪ’ ಎಂದು ಬರೆದಳು. ಕಾರ್ಡಿಗೆ ತೂತು ಬಿದ್ದವು. ಕಾರ್ಡು ಮಗ್ಗ ಏರಿತು. ಮಾದರಿಗೆಂದು ಒಂದು ಮೊಳ ನೇಯಲು ಈರಪ್ಪಣ್ಣ ಹೇಳಿ, ತಾನು ಗಿರಾಕಿಯ ಹತ್ತಿರ ಹೋಗಿ ಕುಳಿತ. ನಾನು ಮಗ್ಗದ ಪಕ್ಕ ನಿಂತೆ. ಅದರ ಖಟಖಟ ಯಾವುದು, ನನ್ನ ಎದೆಯದು ಯಾವುದು ತಿಳಿಯುವಂತಿರಲಿಲ್ಲ.

ಕೆಂಪು ದಡಿಯ ಮೇಲೆ ಹಳದಿ ನವಿಲು ಬರಬೇಕಿತ್ತು. ಬಟ್ಟೆ ಮುಂದೆ ಬಂದಂತೆ ನೋಡುತ್ತೇನೆ, ದಡಿಯೆಲ್ಲ ಹಳದಿಹಳದಿ. ನಡುವೆ ಕೆಂಪು ನವಿಲು, ಕೆಂಡದಿಂದ ಎದ್ದು ಬಂದದ್ದರ ಹಾಗೆ. ಆ ಗಳಿಗೆಯಲ್ಲಿ ನನಗೆ ಎಲ್ಲ ನೆನಪಾಯಿತು. ಕಾರ್ಡಿಗೆ ತೂತು ಹೊಡೆಯುವ ಭಾಗವನ್ನು ನಾನು ಎಂಥ ಅವಸರದಲ್ಲಿ ಬರೆದಿದ್ದೆನೆಂದರೆ, ಅದು ನೇರವಾಗಿ ಪರದೆಯನ್ನೇ ನೋಡಿ ಕಪ್ಪಿದ್ದಲ್ಲಿ ತೂತು ಹೊಡೆಯುತ್ತಿತ್ತು. ಈಗ ಪರದೆಯೇ ಕಪ್ಪು! ನವಿಲನ್ನು ಬಿಟ್ಟು ಉಳಿದ ಜಗತ್ತಿಗೆಲ್ಲ ತೂತು ಹೊಡೆದಿದೆ. ಕೈ ಹಚ್ಚಬೇಡ ಎಂದದ್ದು ಇದಕ್ಕೆ. ಕೈ ಹಚ್ಚದೇ ಇದ್ದದ್ದರಿಂದಲೇ ಕೆಟ್ಟಿತು.

ನೇಯುವವನು ಕತ್ತರಿಸಿ ಕೊಟ್ಟ ತುಂಡನ್ನು ನಾನು ಗಡಬಡಿಸಿ ಹೇಗೆಂದರೆ ಹಾಗೆ ಮಡಚಿ ಬಗಲಲ್ಲಿ ಒತ್ತಿಕೊಂಡೆ. ಶಾಂತಕ್ಕ ನೋಡಿಬಿಟ್ಟಿದ್ದಳು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ತಂಪು ಕನ್ನಡಕವನ್ನು ಮೆಲ್ಲಗೆ ಮತ್ತೆ ಹಾಕಿಕೊಂಡಳು, ಅಷ್ಟೇ. ನನಗೆ ಅಳು ಬಂತು. ಹಿಂದೆ ಈರಪ್ಪಣ್ಣನ ಚಪ್ಪಲಿ ಸದ್ದಾಯಿತು. ನಾನು ಗೋಡೆಯ ಕಡೆ ತಿರುಗಿ ಅಲ್ಲಿದ್ದ ಕ್ಯಾಲೆಂಡರಿನಲ್ಲಿ ರಾಹುಕಾಲ ಹುಡುಕತೊಡಗಿದೆ.

“ಎಲ್ಲೈತಿ, ಕೊಡ್ರಿಲ್ಲೆ!” ಎಂದು ಅವನು ಬಗಲಿನಿಂದ ಬಟ್ಟೆ ಎಳೆದ. ನಾನು ಕಣ್ಣು ಮುಚ್ಚಿದೆ.

“ಆಹಾ! ಕೆಂಪಿನ ಮ್ಯಾಲ ಹಳದಿ ನವಿಲಾ! ಛಲೋ ಬಂದೈತಲ್ರೀ!”

ನಾನು ಗಾಬರಿಯಲ್ಲಿ ಬಟ್ಟೆಯನ್ನು ಒಳಮೈ ಹೊರಗಾಗಿ ಮಡಚಿದ್ದೆ. ಮೇಲೆ ಹಳದಿ ಇದ್ದಲ್ಲಿ ಒಳಗೆ ಕೆಂಪು, ಮೇಲೆ ಕೆಂಪಿದ್ದಲ್ಲಿ ಒಳಗೆ ಹಳದಿ; ಮೇಲ್ಮೈ ತಿರುಗುಮುರುಗಾಗಿದ್ದರೆ ಒಳಮೈ ಸರಿಯಾಗಿಯೇ ಇರಬೇಕಲ್ಲ! ಹೋದ ಜೀವ ಅರ್ಧ ದಾರಿಯವರೆಗೆ ಮರಳಿತು. ಅಷ್ಟರಲ್ಲಿ ಈರಪ್ಪಣ್ಣ ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದ. “ಅಲ್ಲಾ, ನನ್ನ ಹೆಸರಾ ಯಾಕ ಹಿಂಗ ಕುಂತೈತಿ? ಹಿಂದ ಮುಂದ ಆಗೇತಿ, ಕನ್ನಡ್ಯಾಗ ನೋಡಿದಂಗ?”

ನಾನು ಇನ್ನೂ ಕ್ಯಾಲೆಂಡರಿನ ಕಡೆಗೇ ಇದ್ದೆ. ಶಾಂತಕ್ಕ ಹೇಳಿದಳು:

“ನಿಮಗ ಅಂಜಿ ಗ್ವಾಡಿ ಕಡೆ ಮಾರಿ ಮಾಡೇತ್ರಿ ಅಣ್ಣಾರ. ಸರ್ ಮಾಡ್ಯಾರಲ್ರಿ, ಹಂಗ.”

ಈರಪ್ಪಣ್ಣ ನನ್ನ ಬೆನ್ನು ನೋಡಿದ, ಬಟ್ಟೆ ನೋಡಿದ, ಮತ್ತೆ ನನ್ನ ಬೆನ್ನು ನೋಡಿದ. ನಕ್ಕ ನೋಡಿ, ಮಗ್ಗದ ಸದ್ದೂ ಕೇಳಿಸದ ಹಾಗೆ. ನಕ್ಕು ಮುಗಿಸಿ, “ನೆಟ್ಟಗ ಮಾಡಾಕ ಬರತೈತೇನ್ರಿ?” ಎಂದ. ನೋಡೋಣ್ರಿ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಆದರೆ ಶಾಂತಕ್ಕ ಕನ್ನಡಕದೊಳಗಿಂದ ನನ್ನನ್ನೇ ನೋಡುತ್ತಿದ್ದಳು. “ಮಾಡತೇನ್ರಿ,” ಎಂದೆ. ಯಾರ ದನಿ ಅದು ಎಂದು ನನಗೇ ಆಶ್ಚರ್ಯ.

ಅಲ್ಲೇ ಕುಳಿತು, ಎಲ್ಲರೆದುರು ಕೈ ಹಚ್ಚಿದೆ. ಕಾರ್ಡು ಹೊಡೆಯುವ ಮುನ್ನ ಪರದೆ ಒಂದು ಗಳಿಗೆ ಬೆಳ್ಳಗಾಗಿ, ಹೊಡೆದಾದ ಮೇಲೆ ಮತ್ತೆ ಚಂದ್ರಕಾಳಿ ಉಟ್ಟುಕೊಳ್ಳುವಂತೆ ಮಾಡಿದೆ. ದೊಡ್ಡ ವಿದ್ಯೆಯೇನಲ್ಲ, ಹರಿದಲ್ಲಿ ತ್ಯಾಪೆ. ಆ ಬಿಳಿ ಗಳಿಗೆಯಲ್ಲಿ ಶಾಂತಕ್ಕ ಕಣ್ಣು ಮುಚ್ಚಿ ಕೂರುತ್ತಾಳೆ. ಗೊತ್ತಿಲ್ಲದ ಗಿರಾಕಿಗಳು, ಈಕೆ ಪ್ರತಿ ಸೀರೆಗೂ ದೇವರನ್ನು ನೆನೆಯುತ್ತಾಳೆಂದು ತಾವೂ ಕೈಮುಗಿಯುತ್ತಾರಂತೆ. ತಂಪು ಕನ್ನಡಕವನ್ನು ಈಗ ಅವಳ ಮಗಳು ಹಾಕಿಕೊಂಡು ಓಡಾಡುತ್ತಾಳೆ.

ಸುದ್ದಿ ರಬಕವಿಗೂ ಮುಟ್ಟಿದೆ. “ನಮಗೂ ಚಂದ್ರಕಾಳಿ ಹಾಕಿಕೊಡ್ರಿ” ಎಂದು ಫೋನುಗಳು ಬರುತ್ತವೆ. ಪ್ರತಿ ಸಲವೂ ನನ್ನ ಎದೆ ಮೊದಲು ಧಸಕ್ಕೆನ್ನುತ್ತದೆ, ಆಮೇಲೆ ನಾನು ಹಲೋ ಎನ್ನುತ್ತೇನೆ. ಗಿರಿಜಾ ಮೊನ್ನೆ ಕೇಳಿದಳು: “ಊರ ಮಂದಿಗೆಲ್ಲ ಕರೀದ ಮಾಡಿಕೊಟ್ರಿ, ನಿಮ್ಮ ಸ್ಕ್ರೀನ್ ಯಾಕ ಇನ್ನೂ ಬೆಳ್ಳಗ ಐತಿ?” ಕಣ್ಣಿಗೆ ರೂಢಿಯಾಗಿದೆ ಎಂದು ಸುಳ್ಳು ಹೇಳಿದೆ. ನಾನೂ ಒಂದು ದಿನ ಹಾಕಿ ನೋಡಿದ್ದೆ. ಪರದೆ ಕಪ್ಪಾದ ಕೂಡಲೇ ಅದರೊಳಗೆ ಒಬ್ಬ ನರೆತ ಮೀಸೆಯವನು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತ ಕುಳಿತಿದ್ದ. ಆ ‘ದಡಿ’ಯನ್ನು ಬರೆದವನು ಅವನೇ. ಇಬ್ಬರೂ ಒಟ್ಟಿಗೇ ಬೆಚ್ಚಿಬಿದ್ದೆವು.