ಕಿತ್ತ R ಅನ್ನು ಮರಳಿ ಕೂರಿಸಲು ಅನುಮತಿ ಕೋರಿ

ಇಂದ:
ಚನಬಸಪ್ಪ,
ಬೋರ್ಡಿನ ಅಕ್ಷರ ಕತ್ತರಿಸುವವನು,
ಪೀಣ್ಯ ಎರಡನೇ ಹಂತ.

ಗೆ:
ಶ್ರೀಮತಿ ಮಹಾದೇವಿ,
ಮಾಲೀಕರು, ಮಹಾದೇವಿ ರೊಟ್ಟಿ ಕೇಂದ್ರ,
ಹಾಗೂ ಅರ್ಜಿದಾರನ ಹೆಂಡತಿ.

ವಿಷಯ: ತಮ್ಮ ಬೋರ್ಡಿನಿಂದ ಕಿತ್ತ R ಅನ್ನು ಕೂರಿಸುವ ಮತ್ತು ತಾವು ನನ್ನೊಡನೆ ಮಾತು ಆರಂಭಿಸುವ ಕುರಿತು.

ಉಲ್ಲೇಖ: ಅಂಗಡಿ ಪೂಜೆಯ ದಿನ ಗಿರಾಕಿಗಳೆದುರು ತಾವು ಆಡಿದ ಕೊನೆಯ ಮಾತು.

ಮಾನ್ಯರೇ,

1. ಕಂಪನಿಯವರು ಬೇಡವೆಂದ ಸ್ಟೀಲ್ ಅಕ್ಷರಗಳು ನಮ್ಮ ವರ್ಕ್‌ಶಾಪಿನ ಗುಜರಿ ಡಬ್ಬಿಗೆ ಬೀಳುತ್ತವೆ. ಕೆಲಸಗಾರರ ಸ್ವಂತ ಬೋರ್ಡುಗಳು ಅದರಿಂದಲೇ ಆಗುವುದು ರೂಢಿ. ಅದರಂತೆ ಬೆಳ್ಳಂದೂರಿನ ಯಾರೋ ತಿರಸ್ಕರಿಸಿದ ಅಕ್ಷರಗಳಿಂದ MAHADEVI ROTTI KENDRA ಎಂದು ಕೂಡಿಸಿದೆ. ಎಲ್ಲವೂ ಬಾಸ್ಕರ್‌ವಿಲ್ ಎಂಬ ಒಂದೇ ಅಕ್ಷರಶೈಲಿಯವು. ROTTIಗೆ R ಸಿಕ್ಕಿತು, KENDRAಕ್ಕೆ ಸಿಗಲಿಲ್ಲ. ಕಾಯೋಣ ಎಂದೆ. ತಾವು ಕಾಯಲಿಲ್ಲ.

2. ಆ ಕಾರಣ ತಮ್ಮ ಸಹೋದರ ಸಂಗಣ್ಣ ಎಲ್ಲಿಂದಲೋ ಒಂದು R ತಂದು ಬಡಿದ. ಅದು ಬೊಡೋನಿ, ಬೇರೆಯೇ ಶೈಲಿ. ಬಾಸ್ಕರ್‌ವಿಲ್ R ತನ್ನ ಕಾಲನ್ನು ಓರೆಯಾಗಿ, ಗೆರೆ ಎಳೆದಂತೆ ಚಾಚಿ ನಿಲ್ಲುತ್ತದೆ. ಅದರ ಎಡಗಂಬದ ಅಡಿಯ ಪಾದ ಕಂಬಕ್ಕೆ ಮೆತ್ತಗೆ ಬಾಗಿ ಸೇರುತ್ತದೆ. ಬೊಡೋನಿಯ ಪಾದ ಬ್ಲೇಡಿನಷ್ಟು ತೆಳು, ಬಾಗುವ ಮಾತೇ ಇಲ್ಲ. ಕಾಲು ಕೆಳಗಿಳಿದು ತುದಿಯಲ್ಲಿ ನಾಯಿಬಾಲದಂತೆ ಮೇಲೇಳುತ್ತದೆ. ಓಡುವ ಬಸ್ಸಿನಿಂದಲೂ ಕಾಣುತ್ತದೆ. ಸಂಗಣ್ಣನಿಗೆ ಕಾಣಲಿಲ್ಲ. "ಮಾವಾ, ಜನ ರೊಟ್ಟಿ ತಿನ್ನಾಕ ಬರ್ತಾರ, R ಕಾಲು ನೋಡಾಕಲ್ಲ" ಎಂದ.

3. ಆದ್ದರಿಂದ ನನಗೆ ಸಿಟ್ಟು ಬಂತು. ಪೂಜೆಯ ದೀಪ ಉರಿಯುತ್ತಿತ್ತು, ವರ್ಕ್‌ಶಾಪಿನ ಅರ್ಧ ಶಿಫ್ಟು ಉಣ್ಣಲು ಕೂತಿತ್ತು. ಬೆಂಚು ಹತ್ತಿ, ಇಕ್ಕಳ ಹಾಕಿ R ಕಿತ್ತೆ. ಗಾರೆಯ ಚೂರು ಒಬ್ಬರ ಎಣ್ಣೆಗಾಯಿಯೊಳಗೆ ಬಿತ್ತು. ಅವರು ಎದ್ದುಹೋದರು. ತಾವು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಿರಿ:

"ಅಕ್ಷರಕ್ಕ ಅಕ್ಷರ ಹೊಂದಬೇಕಂತ ಕಿತ್ರಿ. ನಾವಿಬ್ರು ಎಲ್ಲಿ ಹೊಂದೇವಿ? ಅಂದ್ರೂ ಇಷ್ಟು ವರ್ಷ ಒಂದ ಗ್ವಾಡಿ ಮ್ಯಾಲ ನಿಂತಿಲ್ಲೇನು?"

4. ಅಂದಿನಿಂದ ತಾವು ಮಾತು ಬಿಟ್ಟಿದ್ದೀರಿ. ಊಟಕ್ಕೆ ಬರ್ರಿ ಎಂಬುದೂ ಸಂಗಣ್ಣನ ಮೂಲಕ ರವಾನೆಯಾಗುತ್ತಿದೆ. ಬಿಸಿ ರೊಟ್ಟಿ ಗಿರಾಕಿಗೆ, ಒಣಗಿದ ಕಟಕ ರೊಟ್ಟಿ ನನಗೆ. ಈ ಮನೆಯಲ್ಲಿ ಸಿಟ್ಟು ಮೊದಲಿನಿಂದಲೂ ನನ್ನ ಇಲಾಖೆ. ಅದನ್ನು ತಾವು ವಹಿಸಿಕೊಂಡಿರುವುದು ನಿಯಮಬಾಹಿರ.

5. ಮೊನ್ನೆ ಡಬ್ಬಿಯಲ್ಲಿ ಸರಿಯಾದ R ಸಿಕ್ಕಿತು. ಕಾಲು, ಪಾದ, ಎಲ್ಲವೂ ಸರಿ. ತಂದು ಖಾಲಿ ಜಾಗಕ್ಕೆ ಹಿಡಿದೆ. ತಾವು ಒಲೆಯ ಮುಂದಿನಿಂದಲೇ ನೋಡಿದಿರಿ. ಬೈಯಲೂ ಇಲ್ಲ. ಉಲ್ಲೇಖದ ಮಾತು ನೆನಪಾಗಿ ನಾನು ಬೆಂಚಿನಿಂದ ಇಳಿದೆ.

ಆದಕಾರಣ, ಸಂಗಣ್ಣನ R ಅನ್ನೇ ಅದೇ ಜಾಗದಲ್ಲಿ, ಗಿರಾಕಿಗಳು ಕೂತಿರುವಾಗಲೇ, ಕೂರಿಸಲು ಅನುಮತಿ ನೀಡಬೇಕು. ಅದು ತಪ್ಪು R ಎಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆ ಇಲ್ಲ.

ಕಟಕ ರೊಟ್ಟಿ ಕಡಿಯುತ್ತಲೇ ತಮ್ಮ ವಿಶ್ವಾಸಿ,
ಚನಬಸಪ್ಪ

ಲಗತ್ತುಗಳು:
ಅ) ಬೊಡೋನಿ R, ಉಜ್ಜಿ ಹೊಳಪು ಕೊಟ್ಟಿದ್ದು.
ಆ) ಹೊಸ ತಿರುಪುಗಳು.
ಇ) ಸರಿಯಾದ R: ಲಗತ್ತಿಸಿಲ್ಲ. ಡಬ್ಬಿಗೆ ಮರಳಿಸಿದ್ದೇನೆ.

ವಿ.ಸೂ.: ಮಾತು ಕೂಡಲೇ ಆರಂಭಿಸಲು ಅಡಚಣೆಯಿದ್ದಲ್ಲಿ, ಸದ್ಯಕ್ಕೆ ಬೈಗುಳವನ್ನಾದರೂ, ಸಂಗಣ್ಣನ ಮೂಲಕವಲ್ಲದೆ ನೇರವಾಗಿ, ಮಂಜೂರು ಮಾಡಬೇಕಾಗಿ ವಿನಂತಿ.