ಎಂ.ಆರ್.ಐ. ಕೊಳವೆಯಲ್ಲಿ ಗೊರಕೆ

ಸದ್ದಿಲ್ಲದ ಕಡೆ ನಮಗೆ ನಿದ್ದೆ ಬರುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಗೋಡೆಯಾಚೆ ಪವರ್‌ಲೂಮ್ ಬಡಿಯುತ್ತಿದ್ದರೆ ಈಚೆ ನಮಗೆ ಜೋಗುಳ. ವಿಮಾನ ನಿಲ್ದಾಣ ಬಂದ ಮೇಲೆ ನೆಂಟರೆಲ್ಲ, "ತಲೆ ಮೇಲೇ ವಿಮಾನ ಹೋಗುತ್ತಲ್ಲ, ಹೆಂಗಿದೀರಾ?" ಎಂದು ಮರುಗುತ್ತಿದ್ದರು. ನಮಗೆ ಕೇಳಿಸಿದ್ದರೆ ತಾನೇ! ಆ ಕೊನೆಯ ಮಾಮೂಲಿ ದಿನವೂ ನಮ್ಮ ಯಜಮಾನರು ಮಧ್ಯಾಹ್ನ ಉಂಡು, ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಮಗ್ಗ ನಿಂತಿತು. ಥಟ್ಟನೆ ಎದ್ದು, "ಏನೇ, ಕರೆಂಟ್ ಹೋಯ್ತಾ?" ಎಂದು ಕೂಗಿದರು. "ಹ್ಞೂಂ, ಹೋಯ್ತು" ಎಂದು ನಾನೂ ಅಡುಗೆಮನೆಯಿಂದ ಕೂಗಿದೆ. ಮಾರನೆಯ ದಿನ, ಹರಿದ ಎಳೆಗೆ ಗಂಟು ಹಾಕಲು ಹೋದರೆ ಅವರ ಬಲಗೈ ಬೆರಳುಗಳು ಮಾತು ಕೇಳಲಿಲ್ಲ.

ಡಾಕ್ಟರು ತಲೆಗೆ ಎಂ.ಆರ್.ಐ. ಬರೆದುಕೊಟ್ಟರು. ಯಂತ್ರ ನೋಡಿಕೊಳ್ಳುವ ಹುಡುಗಿ ಅವರ ಬೆಳ್ಳಿ ಉಡಿದಾರ ಬಿಚ್ಚಿಸಿ ನನ್ನ ಕೈಗಿಟ್ಟಳು. ಒಳಗಿರುವುದು ಭಾರೀ ಆಯಸ್ಕಾಂತವಂತೆ. "ಮೈಯಲ್ಲಿ ನೀರಿರುತ್ತಲ್ಲಮ್ಮ, ಅದರೊಳಗಿನ ಸಣ್ಣ ಕಣಗಳನ್ನ ಆಯಸ್ಕಾಂತ ಸಾಲಾಗಿ ನಿಲ್ಲಿಸುತ್ತೆ. ನಾವು ರೇಡಿಯೋ ಅಲೆ ಬಿಟ್ಟು ಸಾಲು ಕೆಡಿಸ್ತೀವಿ. ಅವು ಮತ್ತೆ ಸಾಲಿಗೆ ಬರ್ತಾ ಒಂದು ಸನ್ನೆ ಕೊಡ್ತವೆ. ಕಂಪ್ಯೂಟರ್ ಅದನ್ನ ಹಿಡಿದು ಚಿತ್ರ ಮಾಡುತ್ತೆ" ಎಂದಳು. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಾಸಿನ ಎಳೆ ಸರಿಪಡಿಸುವಂಥದೇ ಕೆಲಸ ಎಂದುಕೊಂಡು ನಾನು ತಲೆಯಾಡಿಸಿದೆ.

"ಯಜಮಾನ್ರೇ, ತುಂಬಾ ಸೌಂಡ್ ಬರುತ್ತೆ, ಹೆದರ್ಕೋಬೇಡಿ" ಎಂದು ಅವರ ಕಿವಿಗೆ ಬಿರಡೆ ಇಟ್ಟು ಕೊಳವೆಯೊಳಗೆ ತಳ್ಳಿದಳು. ಯಂತ್ರ ಟಕಟಕ ಎಂದು ಬಡಿಯತೊಡಗಿತು. ಸ್ವಲ್ಪ ಹೊತ್ತಿಗೆಲ್ಲ ಹುಡುಗಿ ಕಂಪ್ಯೂಟರಿನ ಮುಂದೆ ಹಣೆ ಚಚ್ಚಿಕೊಂಡಳು. "ಅಮ್ಮಾ, ಗೊರಕೆ ಹೊಡೀತಿದಾರೆ! ತಲೆ ಅಲುಗಿ ಚಿತ್ರವೆಲ್ಲ ಮಸುಕು!" ಯಂತ್ರ ನಿಲ್ಲಿಸಿದಳು. ಮರುಕ್ಷಣವೇ ಸ್ಪೀಕರಿನಲ್ಲಿ ನಮ್ಮವರ ದನಿ: "ಏನೇ, ಕರೆಂಟ್ ಹೋಯ್ತಾ?"

"ನಿದ್ದೆ ಮಾಡಂಗಿಲ್ಲ, ಯಜಮಾನ್ರೇ."

"ಇಷ್ಟು ಚೆನ್ನಾಗಿ ಸದ್ದು ಮಾಡ್ಬಿಟ್ಟು ಮಲಗ್ಬೇಡ ಅಂದ್ರೆ ಹೆಂಗವ್ವಾ?"

ಎರಡನೆಯ ಸಲ ಎಚ್ಚರವಾಗಿದ್ದರು. ಚಿತ್ರ ಸ್ಪಷ್ಟವಾಗಿ ಬಂತು. ತಲೆಯೊಳಗಿನ ಗಡ್ಡೆಯೂ ಅಷ್ಟೇ ಸ್ಪಷ್ಟವಾಗಿ ಕಂಡಿತು. ಮಗ್ಗದ ಮನೆಯವರಿಗೆ ಎಲ್ಲವನ್ನೂ ಕೂಗಿ ಹೇಳಬೇಕು. ಡಾಕ್ಟರು ಮೆಲ್ಲಗೆ ಹೇಳಿದರೂ ಅವತ್ತು ಇಬ್ಬರಿಗೂ ಪೂರ್ತಿ ಕೇಳಿಸಿತು. ಮುಂದಿನ ದೀಪಾವಳಿಗೆ ಅವರಿರಲಿಲ್ಲ.

ಈಗ ಮಗ್ಗ ಮಗ ಓಡಿಸುತ್ತಾನೆ. ಮಗ್ಗ ನಿಂತಾಗಲೆಲ್ಲ ಯಾರೂ ಕೇಳದಿದ್ದರೂ ನಾನು ಅಡುಗೆಮನೆಯಿಂದ, "ಹ್ಞೂಂ, ಹೋಯ್ತು" ಎಂದು ಕೂಗಿಬಿಡುತ್ತೇನೆ. "ನಮ್ಮನೇಲೂ ಹೋಗಿದೆ, ಬಿಡಕ್ಕ" ಎಂದು ಪಕ್ಕದ ಮನೆಯವಳು ಉತ್ತರ ಕೊಡುತ್ತಾಳೆ. ಸ್ವಲ್ಪ ಹೊತ್ತಿಗೆ ಕರೆಂಟ್ ಬರುತ್ತದೆ. "ಹೋಯ್ತಾ?" ಎಂದು ಕೇಳುವವರು ಬರುವುದಿಲ್ಲ.