ಅಂಟುವಾಳದ ನೊರೆಯಲ್ಲಿ ಭಾವನ ಬಲೆ

ಯಾರ ಕೈಗೆ ಸಿಕ್ಕಿಬೀಳಬೇಕು ಎಂದು ಆರಿಸಿಕೊಳ್ಳುವ ಅಧಿಕಾರ ನೇತ್ರಾವತಿಯ ಮೀನುಗಳಿಗೆ ಇದ್ದಿದ್ದರೆ, ಅವೆಲ್ಲ ಸಾಲುಗಟ್ಟಿ ನಮ್ಮ ಭಾವನ ಬಲೆಗೇ ಬರುತ್ತಿದ್ದವು. ಇಡೀ ಬಂಟ್ವಾಳ ಪೇಟೆಯಲ್ಲಿ ಅಷ್ಟು ಚೊಕ್ಕಟವಾದ ವಸ್ತು ಇನ್ನೊಂದಿರಲಿಲ್ಲ! ಹೋಟೆಲಿನ ಲೋಟ, ಡಾಕ್ಟರರ ಸೂಜಿ, ನನ್ನ ಮದುವೆಯ ಪಂಚೆ, ಯಾವುದೂ ಅದರ ಮುಂದೆ ನಿಲ್ಲುತ್ತಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಚೇರಿಯಲ್ಲಿ ಗುಮಾಸ್ತರು. ಕಚೇರಿ ಬಿಟ್ಟರೆ ಹೊಳೆ, ಹೊಳೆ ಬಿಟ್ಟರೆ ಬಾವಿಕಟ್ಟೆ. ಹೊಳೆಯಲ್ಲಿ ಗಾಳ ಹಾಕುವುದು ಒಂದು ಗಂಟೆ, ಬಾವಿಕಟ್ಟೆಯಲ್ಲಿ ಬಲೆ ತೊಳೆಯುವುದು ಎರಡು ಗಂಟೆ! ಬಲೆಯೆಂದರೆ ಬೀಸಿ ಎಸೆಯುವ ದೊಡ್ಡ ಬಲೆಯಲ್ಲ. ಗಾಳ ಕಚ್ಚಿದ ಮೀನನ್ನು ದಡದ ಹತ್ತಿರ ಅಡಿಯಿಂದ ಎತ್ತಿಕೊಳ್ಳುವ ಕೈಬಲೆ. ಬೆತ್ತದ ಬಳೆ, ಬಿದಿರಿನ ಹಿಡಿ, ನಡುವೆ ಹತ್ತಿ ನೂಲಿನ ಜೋಳಿಗೆ. ಅವರೇ ಕೂತು ಹೆಣೆದದ್ದು. ಮೀನಿನ ಮೈಯ ಲೋಳೆ ಒಂದಿಷ್ಟು ಉಳಿದರೂ ನೂಲು ಕುಂಬಾಗಿ ಹರಿಯುತ್ತದೆ ಎಂಬುದು ಅವರ ಸಿದ್ಧಾಂತ. ಸಿದ್ಧಾಂತ ಸರಿಯೇ. ಆದರೆ ಸರಿಯಾದ ಸಿದ್ಧಾಂತ ಇರುವವರ ಜೊತೆ ಬದುಕುವುದು ಎಷ್ಟು ಕಷ್ಟ, ನಿಮಗೆ ಗೊತ್ತಿಲ್ಲವೇ?

ನಾನು ಆಗ ಮೂಡುಬಿದಿರೆಯಲ್ಲಿ ಮಾಸ್ತರ. ನಯಾಪೈಸೆ ಚಲಾವಣೆಗೆ ಬಂದ ಹೊಸತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅಕ್ಕನ ಮನೆಗೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ವಾಪಸು. ಹುಟ್ಟಿನಿಂದಲೇ ನಾನು ಚಿಂತೆಯ ಮನುಷ್ಯ. ಬಸ್ಸು ಬಾರದಿದ್ದರೆ ಎಂತ ಮಾಡುವುದು ಎಂದು ಚಿಂತೆ, ಬಂದರೆ ಅದಕ್ಕೆ ಬ್ರೇಕು ಉಂಟೋ ಇಲ್ಲವೋ ಎಂದು ಚಿಂತೆ. ಇಂಥವನಿಗೆ ಇಂಥ ಭಾವ!

ಮೊದಲು ಅವರು ಬೂದಿ ಹಾಕಿ ತಿಕ್ಕುತ್ತಿದ್ದರು. ನೂಲು ಸವೆಯಿತು. ಆಮೇಲೆ ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿಟ್ಟರು. ಅದು ದನದ ಪಾಲಿನ ನೀರು. ದನ ಒಮ್ಮೆ ಮೂಸಿ ನೋಡಿ, ಬಕೆಟನ್ನು ಒದ್ದು, ಎರಡು ದಿನ ಭಾವನ ಕಡೆಗೆ ತಿರುಗಿಯೂ ನೋಡಲಿಲ್ಲ. ಮೂರನೆಯದು ಹಿತ್ತಿಲಿನ ಹುಳಿಕಾಯಿ, ಬಿಂಬುಳಿ. ಮೀನಿನ ಲೋಳೆ ತೆಗೆಯಲು ಹೆಂಗಸರು ಹುಳಿ ಉಜ್ಜುತ್ತಾರಲ್ಲ, ಬಲೆಗೂ ಯಾಕಾಗಬಾರದು? ಉಪ್ಪಿನಕಾಯಿಗೆಂದು ಅಕ್ಕ ಕೊಯ್ದಿಟ್ಟಿದ್ದ ಒಂದು ಬುಟ್ಟಿ ಬಿಂಬುಳಿ ಒಂದೇ ಬೆಳಿಗ್ಗೆ ಖಾಲಿ! ಅಂದು ಮಧ್ಯಾಹ್ನ ಊಟಕ್ಕೆ ಕೂತ ಭಾವ, "ಇವತ್ತು ಸಾರಿಗೆ ಹುಳಿಯೇ ಇಲ್ಲವಲ್ಲ?" ಎಂದರು.

"ಬಲೆ ಹಿಂಡಿ ಕೊಡ್ಲಾ?" ಎಂದಳು ಅಕ್ಕ.

ತೊಳೆದ ಬಲೆಯನ್ನು ಅವರು ಒಣಹಾಕುತ್ತಿದ್ದದ್ದು ನನ್ನ ಶಾಲೆಯ ಅಂಗಿಯ ಪಕ್ಕದಲ್ಲೇ. ಒಂದು ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ತಿರುಗಿ ನೋಡುತ್ತೇನೆ, ನನ್ನ ಹಿಂದೆ ಮೂರು ಬೆಕ್ಕುಗಳು, ಶಿಸ್ತಾಗಿ, ಒಂದರ ಹಿಂದೆ ಒಂದು. ನನ್ನ ತರಗತಿಯ ಮಕ್ಕಳೂ ಹಾಗೆ ಸಾಲಾಗಿ ನಿಂತದ್ದಿಲ್ಲ! ಕಂಡಕ್ಟರ್ ಬಾಗಿಲಲ್ಲಿ ನಿಂತು ಕೇಳಿದ: "ಮಾಸ್ಟ್ರೇ, ಇವುಗಳಿಗೆ ಅರ್ಧ ಟಿಕೆಟಾ, ಪೂರ್ತಿಯಾ?"

ಭಾವನಿಗೆ ಇದನ್ನು ಹೇಳಿದರೆ ಅವರಿಗೆ ನಗು ಬರಲಿಲ್ಲ, ಉತ್ಸಾಹ ಬಂತು. "ಹಾಗಾದರೆ ಲೋಳೆ ಇನ್ನೂ ಉಂಟು ಅಂತ ಆಯ್ತಲ್ಲ ಮಾರಾಯ! ಬೆಕ್ಕಿನ ಮೂಗು ಸುಳ್ಳು ಹೇಳುದಿಲ್ಲ. ಇದಕ್ಕೆ ಅಂಟುವಾಳವೇ ಆಗಬೇಕು. ನಡಿ, ಬೆಳ್ತಂಗಡಿಗೆ ಹೋಗುವ."

ರಜೆಯ ಒಂದು ದಿನ ಹೋದೆವು. ಬೆಳ್ತಂಗಡಿಯ ಸಂತೆಯಿಂದ ಅರ್ಧ ಗೋಣಿ ಅಂಟುವಾಳ ಬಂತು. ಇಡೀ ತಾಲೂಕಿನ ತಲೆ ತೊಳೆಯುವಷ್ಟು! ಗೋಣಿ ಬಸ್ಸಿನ ಮೇಲೇರಿತು, ಚಿಂತೆ ನನ್ನ ಮೇಲೇರಿತು. ದಾರಿಯಲ್ಲಿ ಮಳೆ ಬಂದರೆ? ನೊರೆ ಎದ್ದು ಗಾಜಿನ ಮೇಲೆ ಇಳಿದರೆ? ಡ್ರೈವರನಿಗೆ ರಸ್ತೆಯೇ ಕಾಣದಿದ್ದರೆ? ಇಷ್ಟೆಲ್ಲ ಚಿಂತಿಸಿದ ಮಹಾನುಭಾವನಿಗೆ, ಚಿಂತಿಸಬೇಕಾಗಿದ್ದ ಒಂದೇ ಒಂದು ವಿಷಯ ಹೊಳೆಯಲಿಲ್ಲ.

ಅದು ಅಕ್ಕನ ಮೀನು.

ನಮ್ಮ ಕಡೆ ಬಾವಿಗೆ ಒಂದು ಮೀನು ಬಿಡುವ ಕ್ರಮ ಉಂಟು. ಹುಳ ಹುಪ್ಪಟೆ ತಿಂದು ನೀರನ್ನು ಶುದ್ಧ ಇಡುತ್ತದೆ. ಅಕ್ಕ ಮದುವೆಯಾಗಿ ಬಂದ ಎರಡನೇ ವರ್ಷ ಬೆರಳುದ್ದದ ಒಂದು ಮರಿಯನ್ನು ಬಿಟ್ಟಿದ್ದಳು. ಈಗ ಅದು ಮೊಳದುದ್ದ. ದಿನಾ ಮಧ್ಯಾಹ್ನ ಅವಳು ಕಟ್ಟೆಗೆ ಬಾಗಿ ಒಂದು ಹಿಡಿ ಅನ್ನ ಹಾಕುವಳು, ಅದು ಬಾಯಿ ತೆರೆದುಕೊಂಡು ಮೇಲೆ ಬರುವುದು. ಅಷ್ಟು ಹೊತ್ತು ಅವರಿಬ್ಬರಿಗೂ ಏನೋ ಮಾತುಕತೆ. ನಾನು ಹತ್ತಿರ ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು!

ಆ ಭಾನುವಾರ ಭಾವ ಬಾವಿಕಟ್ಟೆಯಲ್ಲಿ ಅಂಟುವಾಳ ಜಜ್ಜಿ ನೊರೆ ಎಬ್ಬಿಸಿದರು. ಏನು ನೊರೆ ಅಂತೀರಿ! ಭಾವನ ಮೊಣಕಾಲಿನವರೆಗೆ ಹಾಲುಕಡಲು! ಬಲೆಯ ಒಂದೊಂದು ಕಣ್ಣನ್ನೂ ಬೆರಳಲ್ಲಿ ಉಜ್ಜಿ, ಕೊಡಗಟ್ಟಲೆ ನೀರು ಹೊಯ್ದು, "ನೋಡು ಮಾರಾಯ, ಈಗ ಬೆಕ್ಕು ಬರಲಿ!" ಎಂದು ಬಲೆಯನ್ನು ಬಿಸಿಲಿಗೆ ಹಿಡಿದರು. ಕಟ್ಟೆಯ ಒಂದು ಕಲ್ಲು ಆ ಮಳೆಗಾಲದಲ್ಲಿ ಕುಸಿದಿತ್ತು. ನೊರೆನೀರೆಲ್ಲ ಅದೇ ಸಂದಿನಲ್ಲಿ ಬಾವಿಗೆ ಇಳಿಯುತ್ತಿದ್ದುದನ್ನು ಇಬ್ಬರೂ ನೋಡಲಿಲ್ಲ.

ಮಧ್ಯಾಹ್ನ ಅನ್ನ ಹಿಡಿದು ಬಂದ ಅಕ್ಕ ಕಿರುಚಿದಳು. ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

ಅಂಟುವಾಳ ಮೀನಿಗೆ ಮತ್ತು ಬರಿಸುತ್ತದೆ. ಘಟ್ಟದ ಬುಡದಲ್ಲಿ ಕೆಲವರು ಕಾಯಿ ಅರೆದು ಹಳ್ಳಕ್ಕೆ ಹಾಕಿ ಮೀನು ಹಿಡಿಯುವುದೇ ಹಾಗೆ. ಇದು ಭಾವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! "ಅದು ಕಳ್ಳರ ಬೇಟೆ" ಎಂದು ನನಗೆ ಎಷ್ಟು ಸಲ ಭಾಷಣ ಬಿಗಿದಿದ್ದರು! ಬಲೆ ತೊಳೆಯುವ ಹುರುಪಿನಲ್ಲಿ ಮೀನಿನ ನೆನಪೇ ಆಗಲಿಲ್ಲ, ಅಷ್ಟೇ.

ಅವರ ಮುಖ ಸುಣ್ಣದಂತಾಯಿತು. ಮರುಗಳಿಗೆಯೇ ಕಟ್ಟೆಯ ಮೇಲೆ ಬೋರಲು ಮಲಗಿ, "ಕಾಲು ಹಿಡಿ!" ಎಂದು ಕೂಗಿದರು. ಮಳೆ ಮುಗಿದ ಹೊಸತು, ನೀರು ಮೇಲೆಯೇ ಇತ್ತು. ನಾನು ಕಾಲು ಹಿಡಿದೆ. ಇವರೂ ಬಿದ್ದರೆ ಯಾವ ಬಲೆಯಲ್ಲಿ ಎತ್ತುವುದು ಎಂದು ಚಿಂತಿಸುತ್ತಲೇ ಹಿಡಿದೆ. ಬಲೆ ಇಳಿಯಿತು, ಮೀನಿನ ಅಡಿಗೆ ಹೋಯಿತು, ಮೇಲೆ ಬಂತು.

"ಪಕ್ಕದ ಮನೆ ಬಾವಿಯಿಂದ ನೀರು ತಾ! ಓಡು!"

ಓಡಿದೆ. ಕೊಡಪಾನ ಹೊತ್ತು ಎಷ್ಟು ಸಲ ಓಡಿದೆನೋ! ಬಚ್ಚಲಿನ ಹಂಡೆ ತುಂಬಿತು. ಭಾವ ಮೀನನ್ನು ಎರಡು ಕೈಯಲ್ಲಿ ಹಿಡಿದು ನೀರಿನೊಳಗೆ ಮೆಲ್ಲಗೆ ಮುಂದೆ ತಳ್ಳುತ್ತಿದ್ದರು. ಕಿವಿರಿನಲ್ಲಿ ಹೊಸ ನೀರು ಹಾಯಬೇಕಂತೆ. ಕಿವಿರು ಅಲುಗಲಿಲ್ಲ. ಮತ್ತೆ ತಳ್ಳಿದರು.

"ಇದು ಹೋದರೆ ನಾನಿನ್ನು ಈ ಬಾವಿಗೆ ಬಗ್ಗುದಿಲ್ಲ," ಎಂದಳು ಅಕ್ಕ. ಬೈಗುಳ ಕಾದಿದ್ದ ನನಗೆ ಆ ಸಣ್ಣ ಸ್ವರ ಕೇಳಿ ಹೆದರಿಕೆಯಾಯಿತು. "ನೀವು ಹೊಳೆಗೆ ಹೋದ ಮೇಲೆ ನನಗೆ ಮಾತಾಡಲಿಕ್ಕೆ ಅಂತ ಇದ್ದದ್ದು ಅದೊಂದೇ."

ಭಾವ ತಲೆ ಎತ್ತಲಿಲ್ಲ. "ಸಾವಿರ ಮೀನು ತೆಗೆದಿದ್ದೇನೆ," ಎಂದು ಹಂಡೆಯ ನೀರಿಗೆ ಹೇಳಿದರು. "ಒಂದನ್ನು ಉಳಿಸಲಿಕ್ಕೆ ಬರುದಿಲ್ಲವಾ ನನಗೆ?"

ಊಟದ ಹೊತ್ತು ಮೀರಿತು. ಬಿಸಿಲು ಬಚ್ಚಲಿನ ಗೋಡೆ ದಾಟಿತು. ಹಸಿವಾಗುತ್ತಿದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಮೂರು ಗಂಟೆಯ ಸುಮಾರಿಗೆ ಕಿವಿರು ಒಮ್ಮೆ ತೆರೆಯಿತು. ಮೂರು ಜನವೂ ಉಸಿರು ಬಿಗಿಹಿಡಿದೆವು. ಮತ್ತೊಮ್ಮೆ ತೆರೆಯಿತು. ಆಮೇಲೆ ಬಾಲ ಅಲುಗಿತು. ಒಮ್ಮೆಲೇ ಭಾವನ ಕೈಯಿಂದ ಜಾರಿ, ಫಟಾರನೆ ನನ್ನ ಮುಖಕ್ಕೆ ನೀರು ರಾಚಿ, ಹಂಡೆಯೊಳಗೆ ಒಂದು ಸುತ್ತು ಹೊಡೆಯಿತು!

"ಬಂತು! ಬಂತು ಮಾರಾಯ!" ಎಂದು ಕುಣಿದವನು ನಾನು. ಭಾವ ಏಳಲು ನೋಡಿದರು, ಕಾಲು ಜೋಮು ಹಿಡಿದಿತ್ತು. ಅಲ್ಲೇ ಕುಸಿದು ಕೂತರು. ಎರಡೂ ಕೈಗಳಿಗೆ ಮೊಣಕೈವರೆಗೆ ಲೋಳೆ.

ಅಕ್ಕ ಚೆಂಬಿನಲ್ಲಿ ನೀರು ತಂದು ಅವರ ಎದುರು ಕುಕ್ಕರಗಾಲಲ್ಲಿ ಕೂತಳು.

"ಕೈ ತನ್ನಿ ಇಲ್ಲಿ."

"ನಾನೇ ತೊಳ್ಕೊಳ್ತೇನೆ."

"ನಿಮಗೆ ತೊಳೆಯಲಿಕ್ಕೆ ಬರುದಿಲ್ಲ," ಎಂದು ಅಕ್ಕ ಅವರ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಒಂದೊಂದೇ ಬೆರಳನ್ನು ಹಿಡಿದು ಉಜ್ಜತೊಡಗಿದಳು.

ಹಂಡೆ ತುಂಬಿ ತುಳುಕುತ್ತಿತ್ತು. ಆದರೂ ನಾನು ಕೊಡಪಾನ ಎತ್ತಿಕೊಂಡು, ಪಕ್ಕದ ಮನೆಗೆ ಇನ್ನೊಂದು ಸಲ ನೀರಿಗೆ ಹೊರಟೆ.